ಮೊದಲ ವರ್ಷದ ವರದಿ ಕನ್ನಡದಲ್ಲಿರಲಿ

ಎಂಎಸ್‌ಡಬ್ಲ್ಯು (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಮೊದಲ ಸೆಮಿಸ್ಟರಿಗೆ ಸೇರುವ ಅನೇಕರು ಬಿಎವರೆಗೂ ಕನ್ನಡದಲ್ಲೇ ಓದಿ ಬಂದವರು. ಒಂದೆರಡು ತಿಂಗಳು ಕಳೆಯುವಷ್ಟರಲ್ಲಿ ಅವರಲ್ಲಿ ಕೆಲವರು ಹಿಂದಿನ ಬೆಂಚಿಗೆ ಸರಿಯುತ್ತಾರೆ, ಆಮೇಲೆ ತರಗತಿಗೇ ಬರುವುದಿಲ್ಲ. ಓದಿನಲ್ಲಿ ಆಸಕ್ತಿಯಿಲ್ಲ ಎಂದು ಸ್ಟಾಫ್‌ರೂಮಿನಲ್ಲಿ ತೀರ್ಪು ಹೊರಬೀಳುತ್ತದೆ. ಈ ತೀರ್ಪನ್ನು ನಾನು ಒಪ್ಪುವುದಿಲ್ಲ; ಅವರಿಗೆ ಅಡ್ಡಬರುವುದು ಹೆಚ್ಚಾಗಿ ಇಂಗ್ಲಿಷಿನಲ್ಲಿ ಬರೆಯಬೇಕಾದ ಓದು.

ನಮ್ಮ ದೇಶದಲ್ಲಿ ಸಮಾಜಕಾರ್ಯದ ವೃತ್ತಿಪರ ಪಾಠ 1936ರಲ್ಲಿ ಮುಂಬೈನ ನಾಗಪಾಡಾದಲ್ಲಿ ಶುರುವಾಯಿತು. ಬಡವರ ಬಡಾವಣೆಯ ನಡುವೆ ಕ್ಲಿಫರ್ಡ್ ಮ್ಯಾನ್‌ಶಾರ್ಟ್ ನಡೆಸುತ್ತಿದ್ದ ಸೇವಾಕೇಂದ್ರದಲ್ಲೇ ಆ ಶಾಲೆ ಹುಟ್ಟಿತು. ಇಂದಿನ ಟಾಟಾ ಸಮಾಜ ವಿಜ್ಞಾನ ಸಂಸ್ಥೆ ಅದೇ. ಬೀದಿಯಲ್ಲಿ ಕಂಡದ್ದನ್ನು ತರಗತಿಯಲ್ಲಿ ಚರ್ಚಿಸುವುದು ಈ ಓದಿನ ಹುಟ್ಟುಗುಣ. ಜನರ ನಡುವೆ ಹೋಗಿ ಮಾಡುವ ಕ್ಷೇತ್ರಕಾರ್ಯ ಇಂದಿಗೂ ಪಠ್ಯದಲ್ಲಿ ಕಡ್ಡಾಯ. ಆದರೆ ಅದು ನಡೆಯುವ ಬಗೆ ನೋಡಿ.

ಪಂಚಾಯಿತಿಯೊಂದಕ್ಕೆ ಹೋದ ವಿದ್ಯಾರ್ಥಿನಿಗೆ, ಸಂಧ್ಯಾ ಸುರಕ್ಷಾ ಪಿಂಚಣಿ ನಿಂತುಹೋದ ಅಜ್ಜಿಯೊಬ್ಬರು ಸಿಗುತ್ತಾರೆ ಎನ್ನಿ. 'ದುಡ್ಡು ಬರ್ತಿಲ್ಲ ಮಗಾ' ಎನ್ನುವುದಷ್ಟೇ ಅಜ್ಜಿಗೆ ಗೊತ್ತು. ಹುಡುಗಿ ಜಗಲಿ ಮೇಲೆ ಕೂತು ಪಾಸ್‌ಬುಕ್ ತಿರುವಿ ಹಾಕುತ್ತಾಳೆ, ಕೊನೆಯ ಕಂತು ಬಂದ ತಿಂಗಳು ಬರೆದುಕೊಳ್ಳುತ್ತಾಳೆ, ನಾಡಕಚೇರಿಗೆ ಹೋಗಿ ಕೇಳುತ್ತಾಳೆ. ಖಾತೆಗೆ ಆಧಾರ್ ಜೋಡಣೆಯಾಗಿಲ್ಲ ಎಂದು ತಿಳಿಯುತ್ತದೆ. ಅಜ್ಜಿಯನ್ನು ಬ್ಯಾಂಕಿಗೆ ಕರೆದೊಯ್ದು ಹೆಬ್ಬೆಟ್ಟು ಒತ್ತಿಸುತ್ತಾಳೆ. ವ್ಯಕ್ತಿಗತ ಸಮಾಜಕಾರ್ಯವೆಂದು ಪುಸ್ತಕ ಹೇಳುವುದೆಲ್ಲ ಇದರಲ್ಲಿದೆ. ವರದಿಯಲ್ಲಿ ಮಾತ್ರ ಏನಿರುತ್ತದೆ? ಸೀನಿಯರ್ ಫೈಲಿನಿಂದ ಇಳಿಸಿಕೊಂಡ ನಾಲ್ಕು ಸಾಲು ಇಂಗ್ಲಿಷ್: ಏಜೆನ್ಸಿಗೆ ಭೇಟಿ ಕೊಟ್ಟೆ, ರ್‍ಯಾಪೋ ಬೆಳೆಸಿದೆ. ಅಜ್ಜಿಯೂ ಇಲ್ಲ, ಪಾಸ್‌ಬುಕ್ಕೂ ಇಲ್ಲ. ಮೇಲ್ವಿಚಾರಕರ ಸಹಿ ಬೀಳುತ್ತದೆ, ಅಂಕ ಬರುತ್ತದೆ. ತಾನು ಮಾಡಿದ್ದೇ ಓದು ಎಂಬುದು ಮಾತ್ರ ಆ ಹುಡುಗಿಗೆ ತಿಳಿಯುವುದೇ ಇಲ್ಲ.

ಅವಳು ಅದನ್ನೇ ಕನ್ನಡದಲ್ಲಿ ಬರೆದಿದ್ದರೆ ಎರಡು ಪುಟ ತುಂಬುತ್ತಿತ್ತು. ಆ ಎರಡು ಪುಟ ಹಿಡಿದು ಅಧ್ಯಾಪಕರು 'ಅಜ್ಜಿ ಮೊದಲು ಯಾರ ಹತ್ತಿರ ಹೇಳಿಕೊಂಡಿದ್ದರು? ಮಗ ಏನಂದ?' ಎಂದು ಅರ್ಧ ಗಂಟೆ ಕೇಳಿದರೆ ಸಿದ್ಧಾಂತ ತಾನಾಗಿ ಒಳಗಿಳಿಯುತ್ತದೆ. ಕೆಲಸಕ್ಕೆ ಇಂಗ್ಲಿಷ್ ಬೇಕಲ್ಲ ಎನ್ನುವವರ ಮಾತು ಸುಳ್ಳಲ್ಲ. ಆದರೆ ಇಂಗ್ಲಿಷನ್ನು ಎರಡನೇ ವರ್ಷದಲ್ಲಿ, ಇದೇ ವರದಿಗಳನ್ನು ಇಟ್ಟುಕೊಂಡು ಕಲಿಸಬಹುದು.

ತರಗತಿ ತಪ್ಪುವುದರ ಹಿಂದೆ ಖರ್ಚಿನ ಮಾತೂ ಇದೆ. 2023ರಿಂದ ಶಕ್ತಿ ಯೋಜನೆಯಡಿ ಹುಡುಗಿಯರ ಬಸ್‌ಚಾರ್ಜು ಉಳಿದಿದೆ. ಕ್ಷೇತ್ರಕ್ಕೆ ಹೋಗಿಬರುವ ಬಡ ಹುಡುಗರಿಗೆ ಅದು ಇಂದಿಗೂ ಹೊರೆ. ಗೈರುಹಾಜರಿಯನ್ನು ಸೋಮಾರಿತನವೆನ್ನುವ ಮೊದಲು ಅವರ ಜೇಬನ್ನೂ ವಿಚಾರಿಸಬೇಕು.

ವಿಶ್ವವಿದ್ಯಾಲಯಗಳ ಅಧ್ಯಯನ ಮಂಡಳಿಗಳಲ್ಲಿ ಕೂತವರಿಗೆ ನನ್ನ ವಿನಂತಿ ಇಷ್ಟೇ: ಮೊದಲೆರಡು ಸೆಮಿಸ್ಟರಿನ ಕ್ಷೇತ್ರಕಾರ್ಯದ ವರದಿಯನ್ನು ಕನ್ನಡದಲ್ಲಿ ಬರೆಯಲು ಬಿಡಿ, ಅದನ್ನು ಓದಿ ಮಾತಾಡುವ ಹೊತ್ತನ್ನು ಅತಿಥಿ ಉಪನ್ಯಾಸಕರ ಕಾರ್ಯಭಾರದಲ್ಲೂ ಸೇರಿಸಿ.