ಮೇ ಒಂದರ ರಜೆ, ಮಕ್ಕಳ ಫಲಿತಾಂಶ

ಮುಂಬಯಿಯ ಪ್ರಾಥಮಿಕ ಶಾಲೆಗಳಲ್ಲಿ ವರ್ಷದ ಫಲಿತಾಂಶವನ್ನು ಮೇ 1ರ ಸುಮಾರಿಗೆ, ಎಷ್ಟೋ ಕಡೆ ಅದೇ ದಿನ, ಕೊಡುವ ರೂಢಿಯಿದೆ. ಅದು ಕಾರ್ಮಿಕರ ದಿನ. 1923ರಲ್ಲಿ ಮದರಾಸಿನಲ್ಲಿ ಸಿಂಗಾರವೇಲರು ನಮ್ಮ ದೇಶದಲ್ಲಿ ಮೊದಲಬಾರಿಗೆ ಆಚರಿಸಿದ ದಿನ. 1960ರಲ್ಲಿ ಮಹಾರಾಷ್ಟ್ರ ರಾಜ್ಯ ಉದಯವಾದದ್ದೂ ಅಂದೇ. ಇಷ್ಟು ಗೌರವ ಸಂದ ದಿನದಂದು ನಮ್ಮ ಹೋಟೆಲ್ ಕಾರ್ಮಿಕ ಬಂಧುಗಳ ಮನೆಯಲ್ಲಿ ನಡೆಯುವುದೇನು? ತಾಯಿಯೋ ಪಕ್ಕದ ಖೋಲಿಯ ಅಕ್ಕನೋ ಮಗುವಿನ ಕೈಹಿಡಿದು ಶಾಲೆಗೆ ಹೋಗುತ್ತಾರೆ. ತಂದೆಯಾದವನು ಆ ಹೊತ್ತಿಗೆ ದೋಸೆಕಾವಲಿಯ ಮುಂದೆಯೋ ಗಲ್ಲಾಪೆಟ್ಟಿಗೆಯ ಪಕ್ಕದಲ್ಲೋ ನಿಂತಿರುತ್ತಾನೆ. ರಾತ್ರಿ ಹನ್ನೊಂದರ ಮೇಲೆ ಅವನು ಮನೆ ಸೇರುವಾಗ ಮಗು ಪ್ರಗತಿಪತ್ರವನ್ನು ದಿಂಬಿನ ಅಡಿಯಲ್ಲಿಟ್ಟು ನಿದ್ದೆಹೋಗಿರುತ್ತದೆ.

ತೇರ್ಗಡೆಯಾದರೆ ಪೇಡೆ ಹಂಚುವುದು ಈ ನಗರದಲ್ಲಿ ನಾವು ಮರಾಠಿ ನೆರೆಯವರಿಂದ ಕಲಿತ ಒಳ್ಳೆಯ ಪದ್ಧತಿ. ಅರ್ಧ ಕಿಲೋ ಪೇಡೆಯಲ್ಲಿ ಇಡೀ ಚಾಳಿನ ಬಾಯಿ ಸಿಹಿಯಾಗುತ್ತದೆ. ಆದರೆ ನಾಲ್ಕನೆಯ ಇಯತ್ತೆ ಮುಗಿಸಿದ್ದಕ್ಕೆ ಸಭಾಗೃಹ ಹಿಡಿದು ಕೇಕು ಕತ್ತರಿಸುವುದು, ಅದಕ್ಕಾಗಿ ಪಗಾರದ ಮೇಲೆ ಮುಂಗಡ ಎತ್ತುವುದು ನಮಗೆ ಸರಿಕಾಣುವುದಿಲ್ಲ. ಆ ಹಣದಲ್ಲಿ ಜೂನ್ ತಿಂಗಳ ವಹಿ, ಚೀಲ, ಮಳೆಯಂಗಿ ಎಲ್ಲವೂ ಬಂದೀತು. ಅಲ್ಲದೆ, ಮಗುವಿನ ಕಣ್ಣು ಹುಡುಕುವುದು ಕೇಕನ್ನಲ್ಲ, ಅಪ್ಪ ಬಂದನೇ ಎಂದು.

ಅಪ್ಪ ಬರಬಹುದು, ಅದಕ್ಕೆ ಕಾನೂನಿನ ಬೆಂಬಲವೂ ಇದೆ. ಮಹಾರಾಷ್ಟ್ರದ 2017ರ ಅಂಗಡಿ ಮತ್ತು ಸಂಸ್ಥೆಗಳ ಕಾಯಿದೆ ಕಾರ್ಮಿಕನಿಗೆ ವರ್ಷಕ್ಕೆ 8 ಹಬ್ಬದ ರಜೆಗಳನ್ನು ಪಗಾರಸಹಿತ ಕೊಟ್ಟಿದೆ. ಅವುಗಳಲ್ಲಿ ಮೇ 1 ಹೆಸರು ಹೇಳಿಯೇ ಸೇರಿದೆ. ಆ ದಿನ ದುಡಿಸಿಕೊಂಡರೆ ಇಮ್ಮಡಿ ಪಗಾರ ಕೊಟ್ಟು, ಬದಲಿಗೆ ಇನ್ನೊಂದು ದಿನದ ರಜೆಯನ್ನೂ ಕೊಡಬೇಕು. ಇದರ ಹೊರತಾಗಿ 8 ದಿನಗಳ ಸಾಂದರ್ಭಿಕ ರಜೆಯಿದೆ. ಕೆಲಸಗಾರರ ಸಂಖ್ಯೆ ಕಡಿಮೆಯಿರುವ ಚಿಕ್ಕ ಹೋಟೆಲುಗಳಿಗೆ ಈ ಕಾಯಿದೆ ಪೂರ್ತಿಯಾಗಿ ತಗಲುವುದಿಲ್ಲ, ನಿಜ. ಅಲ್ಲಿ ಧಣಿಗಳ ಮನಸ್ಸೇ ಕಾಯಿದೆ. ಆ ಧಣಿಗಳಾದರೂ ಯಾರು? ಬಹುಮಂದಿ ನಮ್ಮ ಜಿಲ್ಲೆಗಳಿಂದಲೇ ಬಂದವರು. ಹಗಲು ಲೋಟ ತೊಳೆದು, ರಾತ್ರಿಶಾಲೆಯ ಬೆಂಚಿನ ಮೇಲೆ ತೂಕಡಿಸುತ್ತ ಅಕ್ಷರ ಕಲಿತ ಹಿರಿಯರು ಅವರಲ್ಲಿಯೂ ಇದ್ದಾರೆ. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟು ರೈಲೋ ಬಸ್ಸೋ ಹತ್ತಿದ ಹುಡುಗನ ಮನಸ್ಸನ್ನು ಅವರಿಗೆ ನಾವು ತಿಳಿಸಬೇಕಾಗಿಲ್ಲ. ಅರ್ಧ ದಿನದ ಬಿಡುವನ್ನು ಕೇಳುವ ಧೈರ್ಯ ನಮ್ಮವರಿಗೆ ಬರಬೇಕು, ಅಷ್ಟೆ.

ತಂದೆ ಹೋಗಲೇಬೇಕೆಂದು ನಾವು ಒತ್ತಿ ಹೇಳುವುದು ಮಮತೆಯ ಮಾತಷ್ಟೇ ಅಲ್ಲ. ಫಲಿತಾಂಶದ ದಿನವೇ ತಿಳಿಯಬೇಕಾದ ಸಂಗತಿಗಳಿವೆ. ಶಿಕ್ಷಣ ಹಕ್ಕಿನ ಕಾಯಿದೆಗೆ 2019ರಲ್ಲಿ ತಿದ್ದುಪಡಿಯಾಯಿತು. ಅದರಂತೆ ಮಹಾರಾಷ್ಟ್ರ ಸರಕಾರವು 2023ರಲ್ಲಿ ನಿಯಮ ಮಾಡಿ ಐದನೆಯ ಮತ್ತು ಎಂಟನೆಯ ಇಯತ್ತೆಗಳಿಗೆ ವಾರ್ಷಿಕ ಪರೀಕ್ಷೆಯನ್ನು ಮತ್ತೆ ತಂದಿತು. ಅನುತ್ತೀರ್ಣವಾದ ಮಗುವಿಗೆ ಎರಡು ತಿಂಗಳೊಳಗೆ ಮರುಪರೀಕ್ಷೆಯ ಅವಕಾಶವಿದೆ. ಅದರಲ್ಲಿಯೂ ಆಗದಿದ್ದರೆ ಅದೇ ಇಯತ್ತೆಯಲ್ಲಿ ಉಳಿಯಬೇಕಾಗಬಹುದು. ನಮ್ಮವರೋ, ಫಲಿತಾಂಶ ಬಂದ ಸಂಜೆಯೇ ಟ್ರಂಕು ಕಟ್ಟುವವರು! ಮತ್ಸ್ಯಗಂಧದ ಟಿಕೇಟು ಮೊದಲೇ ಕಾದಿರಿಸಿರುತ್ತದೆ. ಊರಿನಲ್ಲಿ ಮಾವಿನ ಮರ, ಮದುವೆಗಳು, ಯಕ್ಷಗಾನ. ಹಿಂದಿರುಗುವಾಗ ಜೂನ್ ತಿಂಗಳು ಮುಗಿಯುತ್ತ ಬಂದಿರುತ್ತದೆ. ಮರುಪರೀಕ್ಷೆಯ ದಿನಾಂಕವನ್ನು ಗುರುಗಳಲ್ಲಿ ಕೇಳದೆ ಹೊರಟ ಮನೆಯವರ ಅಜಾಗ್ರತೆಗೆ ಮಗು ಒಂದು ವರ್ಷ ತೆರಬೇಕೇ?

ಇನ್ನು ಕೆಲವು ಮಕ್ಕಳು ಹಿಂದಿರುಗುವುದೇ ಇಲ್ಲ. ಅಜ್ಜಿಗೆ ಕೈಲಾಗದು, ದನಕರು ನೋಡಲು ಜನವಿಲ್ಲ, ಇಲ್ಲಿ ಖೋಲಿ ಇಕ್ಕಟ್ಟು ಎಂಬ ಕಾರಣಗಳಿಂದ ಹುಡುಗಿಯನ್ನು ಊರಲ್ಲೇ ಬಿಟ್ಟುಬರುತ್ತಾರೆ. ಹುಡುಗನನ್ನು ಬಿಡುವುದು ಅಪರೂಪ, ಇದನ್ನೂ ಗಮನಿಸಬೇಕು. ಊರಲ್ಲಿ ಬಿಡುವುದೇ ಆದರೆ ಅಲ್ಲಿಯ ಶಾಲೆಗೆ ಸೇರಿಸಿಯೇ ಬರಬೇಕು. ಶಾಲೆ ಬಿಟ್ಟ ದಾಖಲೆ ಬರುವುದು ತಡವಾಯಿತೆಂದು ಪ್ರವೇಶವನ್ನು ತಡೆಯಬಾರದೆಂದು 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಅದೇ ಶಿಕ್ಷಣ ಹಕ್ಕಿನ ಕಾಯಿದೆ ಹೇಳುತ್ತದೆ. 6ರಿಂದ 14 ವರ್ಷದ ಪ್ರತಿ ಮಗುವಿಗೂ ಆ ಹಕ್ಕಿದೆ. ದಾಖಲೆ ಕೈಗೆ ಬಂದಾಗ ಮಗುವಿನ ಹೆಸರು, ತಂದೆಯ ಹೆಸರು, ಅಡ್ಡಹೆಸರು, ಜನ್ಮದಿನಾಂಕ ಸರಿಯಾಗಿವೆಯೇ ಎಂದು ಅಲ್ಲಿಯೇ ಓದಿ ನೋಡಬೇಕು. ನಮ್ಮ ಕಡೆಯ ಹೆಸರುಗಳನ್ನು ಇಲ್ಲಿಯ ಕಚೇರಿಗಳಲ್ಲಿ ಹೇಗೆಲ್ಲ ಬರೆಯುತ್ತಾರೆಂಬುದು ಭವಿಷ್ಯನಿಧಿಯ ಹಣಕ್ಕಾಗಿ ಅಲೆದವರಿಗೆ ಚೆನ್ನಾಗಿ ಗೊತ್ತು.

ಸಂಘದ ಪ್ರತಿಯೊಂದು ಶಾಖೆಯೂ ಏಪ್ರಿಲ್ ಮೊದಲ ವಾರದಲ್ಲೇ ಶಾಲೆಗೆ ಹೋಗುವ ಮಕ್ಕಳುಳ್ಳ ಸದಸ್ಯರ ಪಟ್ಟಿ ಮಾಡಿ ಧಣಿಗಳೊಡನೆ ಮಾತಾಡಬೇಕು. ಮದುವೆಯಾಗದ ತರುಣರು ಅಂದಿನ ಬೆಳಗಿನ ಪಾಳಿ ವಹಿಸಿಕೊಳ್ಳಲಿ. ಚೌತಿಗೆ ಅವರು ಊರಿಗೆ ಹೊರಟಾಗ ಸಂಸಾರಸ್ಥರು ಆ ಋಣ ತೀರಿಸಲಿ. ಸಂಸಾರವನ್ನು ಊರಿನಲ್ಲೇ ಇಟ್ಟವರ ಮಕ್ಕಳಿಗೆ ಕರ್ನಾಟಕದ ಶಾಲೆಗಳು ಏಪ್ರಿಲ್ ತಿಂಗಳಲ್ಲೇ ಫಲಿತಾಂಶ ಕೊಡುತ್ತವೆ. ಅವರು ಅಂದು ಮಧ್ಯಾಹ್ನದ ಗಿರಾಕಿಗಳ ನೂಕುನುಗ್ಗಲಿಗೆ ಮೊದಲು ಹತ್ತು ನಿಮಿಷ ಬಿಡುವು ಕೇಳಿಕೊಂಡು, ಮಗುವಿನೊಡನೆಯೂ ಅದರ ಗುರುಗಳೊಡನೆಯೂ ಫೋನಿನಲ್ಲಿ ಮಾತಾಡಬಹುದು.