ಹತ್ತು ಗಾಡಿಯ ಧಣಿಗೊಂದು ನ್ಯಾಯ, ಒಂದು ಗಾಡಿಯವನಿಗೊಂದು!

ಹಳೆಯ ಫೋರ್‌ವೀಲ್ ಪಿಕಪ್ಪಿನಲ್ಲಿ ಅಡಿಕೆ, ಬಾಳೆ, ಭತ್ತ ಹೇರಿಕೊಂಡು ಮಲೆನಾಡಿನ ಮಣ್ಣುರಸ್ತೆಗಳಲ್ಲಿ ಸಂತೆಗೂ ಗಿರಣಿಗೂ ಓಡಾಡುವ ಸಣ್ಣ ವ್ಯಾಪಾರಿ ಮಳೆಗಾಲ ಬಂತೆಂದರೆ ಕೆಸರಿನಲ್ಲಿ ಹೂತುಹೋಗುತ್ತಾನೆ. ರಸ್ತೆ ಮಾಡಿಕೊಡಬೇಕಾದ ಸರ್ಕಾರ ಮಾಡಲಿಲ್ಲ. ಆತ ಸಾಲ ತಂದು ದೊಡ್ಡ ಟೈರು ಹಾಕಿಸುತ್ತಾನೆ. ಅಲ್ಲಿಂದ ಅವನ ಸುಲಿಗೆ ಆರಂಭ.

ಟೈರು ಮಾರುವವನು ಹೇಳುವುದು ಅರ್ಧ ಸತ್ಯ. 28 ಅಂಗುಲದ ಚಕ್ರ ಹೋಗಿ 32 ಅಂಗುಲದ್ದು ಬಂದರೆ ನೆಲದ ಮೇಲೆ ಇಂಜಿನ್ನಿನ ಎಳೆತ ಎಂಟರಲ್ಲೊಂದು ಪಾಲು ಕುಗ್ಗುತ್ತದೆ. ಏರಿನಲ್ಲಿ ಕ್ಲಚ್ಚು ಸುಡುತ್ತದೆ. ಮೀಟರಿನ ಮುಳ್ಳು 40 ತೋರಿಸುವಾಗ ಗಾಡಿ 46ರ ಸಮೀಪ ಓಡುತ್ತಿರುತ್ತದೆ. ಹಳೆಯ ಎಳೆತ ಮರಳಬೇಕಾದರೆ ಕ್ರೌನ್-ಪಿನಿಯನ್ನಿನ ಲೆಕ್ಕ 4.10 ಇದ್ದದ್ದು 4.69ರ ಆಸುಪಾಸಿಗೆ ಬರಬೇಕು. ಹಿಂದೆ ಮಾತ್ರವಲ್ಲ, ಮುಂದೆಯೂ ಅದೇ ಲೆಕ್ಕ. ಇಲ್ಲವಾದರೆ ಫೋರ್‌ವೀಲ್ ಹಾಕಿದಾಗ ಮುಂದಿನ ಚಕ್ರವೂ ಹಿಂದಿನ ಚಕ್ರವೂ ಒಂದನ್ನೊಂದು ಜಗ್ಗಾಡಿ ಗೇರು ಮುರಿಯುತ್ತದೆ. ಆಕ್ಸಲ್ಲು ಗಟ್ಟಿಯದಾಗಬೇಕು, ಬ್ರೇಕೂ ಅಷ್ಟೆ. ಟೈರೊಂದನ್ನೇ ಬದಲಿಸಿದವನು ಇಳಿಜಾರಿನಲ್ಲಿ ತನ್ನ ಜೀವವನ್ನೂ ಹಿಂದೆ ಮೂಟೆಯ ಮೇಲೆ ಕುಳಿತ ಹಮಾಲಿಯ ಜೀವವನ್ನೂ ಪಣಕ್ಕಿಡುತ್ತಾನೆ.

ಇದೆಲ್ಲವನ್ನೂ ಕ್ರಮವಾಗಿ ಮಾಡಿಸಿದರೆ? ಆಗಲೂ ಅವನು ಅಪರಾಧಿಯೇ! ಸರಕು ಗಾಡಿಯ ನೋಂದಣಿ ಪತ್ರದಲ್ಲಿ ಟೈರಿನ ಅಳತೆಯೂ ಆಕ್ಸಲ್ಲಿನ ಭಾರಮಿತಿಯೂ ಬರೆದಿರುತ್ತವೆ. ಆ ಪತ್ರದ ವಿವರಗಳು ತಯಾರಕನು ಕೊಟ್ಟ ಮೂಲ ವಿವರಗಳಿಗೆ ಭಿನ್ನವಾಗುವಂತೆ ಗಾಡಿಯನ್ನು ಮಾರ್ಪಡಿಸಕೂಡದೆಂದು 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ಹೇಳುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯು ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೆ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೆ ಎರಡನ್ನೂ ಗೊತ್ತುಮಾಡಿತು. ಆದರೆ ಹತ್ತಕ್ಕೆ ಕಡಮೆಯಿಲ್ಲದಷ್ಟು ಸಾರಿಗೆ ವಾಹನಗಳುಳ್ಳ ಧಣಿಗೆ ಅದೇ ಕಲಮಿನಲ್ಲಿ ಬಾಗಿಲು ತೆರೆದಿದೆ: ರಾಜ್ಯ ಸರ್ಕಾರ ಅಪ್ಪಣೆಯಿತ್ತರೆ, ನೋಂದಣಿ ಅಧಿಕಾರಿಯನ್ನು ಕೇಳದೆಯೇ ಅವನು ಅದೇ ಮಾದರಿಯ ಇಂಜಿನ್ನು ಬದಲಿಸಿಕೊಳ್ಳಬಹುದು. ಹತ್ತು ಗಾಡಿಯವನ ಮೇಲೆ ಇರುವ ನಂಬಿಕೆ ಒಂದು ಗಾಡಿಯವನ ಮೇಲೆ ಏಕಿಲ್ಲ?

ಕಾನೂನೇ ಬೇಡವೆಂದು ನಾವು ಹೇಳುತ್ತಿಲ್ಲ. ಅಡ್ಡಾದಿಡ್ಡಿ ಮಾರ್ಪಾಡು ಜನರನ್ನು ಕೊಲ್ಲುತ್ತದೆ. ನಾವು ಕೇಳುವುದಿಷ್ಟೆ: ಮೊದಲು ರಸ್ತೆ ಕೊಡಿ. ಟೈರು, ಗೇರು, ಆಕ್ಸಲ್ಲು, ಬ್ರೇಕು ನಾಲ್ಕನ್ನೂ ಒಟ್ಟಾಗಿ ಬದಲಿಸಲು ಒಂದು ಮಾನದಂಡ ಗೊತ್ತುಮಾಡಿ. ತಾಲ್ಲೂಕಿನಲ್ಲೇ ಗಾಡಿ ಪರೀಕ್ಷಿಸಿ ಪತ್ರ ಕೊಡಿ. ನಮ್ಮೂರ ಮೆಕ್ಯಾನಿಕ್ಕನಿಗೆ ತರಬೇತಿಯನ್ನೂ ಪರವಾನಗಿಯನ್ನೂ ಕೊಡಿ.

ವ್ಯಾಪಾರಿ ಬಂಧುಗಳಿಗೂ ಒಂದು ಮಾತು. ಟೈರಂಗಡಿಯವನ ಮಾತಿಗೆ ಮರುಳಾಗಬೇಡಿ. ಆ ಸಾಲದ ಹಣ ನಿಮ್ಮನ್ನು ಕೆಸರಿನಿಂದ ಎತ್ತುವುದಿಲ್ಲ. ಗಿರಣಿಯ ಕಾರ್ಮಿಕರನ್ನೂ ಹಮಾಲರನ್ನೂ ಜೊತೆಗೂಡಿಸಿಕೊಂಡು ರಸ್ತೆ ಕೇಳಲು ತಾಲ್ಲೂಕು ಕಛೇರಿಗೆ ನಡೆಯಿರಿ. ನಾವೂ ಬರುತ್ತೇವೆ.