ಹಂಗಿಸುವುದೂ ಹಿಂಸೆಯೇ
ನನ್ನ ಮೊದಲ ಐವಿಎಫ್ ಚಿಕಿತ್ಸೆಯಲ್ಲಿ 9 ಅಂಡಾಣು ತೆಗೆದರು. ಮರುದಿನ ಡಾಕ್ಟರು, "ಎರಡು ಮಾತ್ರ ಫಲಿತವಾಗಿವೆಯಮ್ಮ" ಎಂದರು. ನಾನು ಅಳುತ್ತಾ ಕೂತೆ. "ಇವಳದ್ದೇ ದೋಷ. ಮುಂದಿನ ಖರ್ಚು ತವರಿಂದ ತರಲಿ" ಎಂದರು ಅತ್ತೆ. ಗಂಡ ತುಟಿ ಬಿಚ್ಚಲಿಲ್ಲ.

ಸೋದರಿಯರೇ, ತೆಗೆದ ಅಂಡಾಣುಗಳೆಲ್ಲ ಫಲಿಸುವುದಿಲ್ಲ. ಕೆಲವು ಬಲಿತಿರುವುದಿಲ್ಲ, ಕೆಲವೊಮ್ಮೆ ಗಂಡಸಿನ ವೀರ್ಯಾಣು ದುರ್ಬಲವಾಗಿರುತ್ತದೆ. ಆದರೂ ಸೂಜಿ ಚುಚ್ಚಿಸಿಕೊಳ್ಳುವವಳೂ ಹೆಣ್ಣು, ಬೈಸಿಕೊಳ್ಳುವವಳೂ ಹೆಣ್ಣು. ಇದು ಯಾವ ನ್ಯಾಯ? ಮಕ್ಕಳಿಲ್ಲವೆಂದು ಹಂಗಿಸುವುದೂ ದೌರ್ಜನ್ಯವೆಂದು 2005ರ ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ರಕ್ಷಣಾ ಕಾಯ್ದೆ ಹೇಳುತ್ತದೆ. ಚಿಕಿತ್ಸೆಯ ನೆಪದಲ್ಲಿ ತವರಿನ ದುಡ್ಡು ಕೇಳುವುದು ವರದಕ್ಷಿಣೆಯ ಇನ್ನೊಂದು ಮುಖ.

ಸಂಘದ ವಾರದ ಸಭೆಯಲ್ಲಿ ಬಾಯಿಬಿಟ್ಟ ಮೇಲೆ ನನ್ನ ಎದೆಭಾರ ಇಳಿಯಿತು. ಇನ್ನೊಮ್ಮೆ ಚಿಕಿತ್ಸೆ ಬೇಕೋ ಬೇಡವೋ ನಾನೇ ನಿರ್ಧರಿಸುತ್ತೇನೆ. ನಿಮ್ಮ ಸಂಘದಲ್ಲೂ ಇಂಥ ಅಕ್ಕತಂಗಿಯರಿದ್ದರೆ ಪಕ್ಕ ಕೂತು ಕೇಳಿ.